ಮೃತ್ಯುಪತ್ರ ಇಲ್ಲ, ವಾರಸರಿಗೆ ಫೀ ಚಿಂತೆ
ಕಾಗದ ಮರಾಠಿಯಲ್ಲಿ, ಸಹಿ ಕನ್ನಡದಲ್ಲಿ. ಲೆಕ್ಕ ಕೇಳುವ ಹಕ್ಕು ಗೊತ್ತಿಲ್ಲದೆ ಗಡಿ ಭಾಗದ ಕುಟುಂಬಗಳು ಹೈರಾಣ

ಸಾಂಗ್ಲಿ: ಮನೆಯ ಹಿರಿಯರು ತೀರಿಕೊಂಡು ದಿನಕರ್ಮ ಮುಗಿಯುವುದರೊಳಗೆ ಟ್ರಂಕಿನಲ್ಲಿದ್ದ ಪಾಸ್‌ಬುಕ್ಕು, ಠೇವಣಿ ಪಾವತಿ, ಸಾತ್‌ಬಾರಾ ಉತಾರ ಎಲ್ಲ ಹೊರಗೆ ಬರುತ್ತವೆ. ಮಗ ಬ್ಯಾಂಕಿಗೆ ಹೋಗುತ್ತಾನೆ. 'ನಾಮಿನಿ ಹೆಸರು ಹಾಕಿಲ್ಲ, ವಾರಸ ದಾಖಲಾ ತರ್ರಿ' ಎಂಬ ಉತ್ತರ ಬರುತ್ತದೆ. ಅಲ್ಲಿಂದ ಕೋರ್ಟಿನ ದಾರಿ, ಕೋರ್ಟಿನ ದಾರಿಯಲ್ಲಿ ವಕೀಲರು, ವಕೀಲರ ಹತ್ತಿರ ಫೀ. ಆರು ತಿಂಗಳ ಮೇಲೆ ದಾಖಲಾ ಕೈಗೆ ಬಂದಾಗ ಅಣ್ಣ-ತಮ್ಮ, ಅಕ್ಕ-ತಂಗಿಯರ ನಡುವೆ ಜಗಳ ಶುರುವಾಗಿರುತ್ತದೆ. ಅದು ಆಸ್ತಿಯ ಪಾಲಿಗಾಗಿ ಅಲ್ಲ, 'ವಕೀಲರಿಗೆ ಕೊಟ್ಟದ್ದು ಎಷ್ಟು, ಕೊಟ್ಟವರು ಯಾರು, ಯಾರ ಪಾಲಿನಿಂದ ಮುರಿಯಬೇಕು' ಎಂಬುದಕ್ಕೆ.

ಮಿರಜ ತಾಲೂಕಿನ ಸಲಗರೆ, ಆರಗ, ಬೇಡಗ ಭಾಗವಿರಲಿ, ಜತ್ತ ತಾಲೂಕಿನ ಸಂಖ, ಉಮದಿ ಕಡೆಯಿರಲಿ, ಇದು ಮನೆಮನೆಯ ಕಥೆ. 'ಶಹಾಣ್ಯಾನೇ ಕೋರ್ಟಾಚೀ ಪಾಯರೀ ಚಢೂ ನಯೇ' ಎಂದು ಮರಾಠಿಯಲ್ಲಿ ಗಾದೆ ಇದೆ. ಶಹಾಣೆ ಆದವನು ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂದು ಅದರರ್ಥ. ಕನ್ನಡದವರು 'ಗೆದ್ದವ ಸೋತ, ಸೋತವ ಸತ್ತ' ಎನ್ನುತ್ತಾರೆ. ಆದರೆ ವಾರಸದ ವಿಷಯದಲ್ಲಿ ಮೆಟ್ಟಿಲು ಹತ್ತದೆ ಗತಿಯಿಲ್ಲ ಎಂದು ಜನ ತಿಳಿದಿದ್ದಾರೆ. ಇಲ್ಲಿಯೇ ಮೊದಲ ತಪ್ಪು ಆಗುತ್ತಿದೆ. ಹತ್ತಬೇಕಾದ ಮೆಟ್ಟಿಲು ಯಾವುದು, ಹತ್ತಬೇಕಿಲ್ಲದ್ದು ಯಾವುದು ಎಂದು ಹೇಳುವವರಿಲ್ಲ.

ಎಲ್ಲದಕ್ಕೂ ಕೋರ್ಟು ಬೇಕಿಲ್ಲ

ಮೊದಲು ಹೊಲದ ಮಾತು. ಮಹಾರಾಷ್ಟ್ರ ಜಮೀನು ಮಹಸೂಲ್ ಸಂಹಿತೆ 1966ರ ಕಲಂ 149ರ ಪ್ರಕಾರ ವಾರಸಾಹಕ್ಕಿನಿಂದ ಜಮೀನು ಪಡೆದವರು ಮೂರು ತಿಂಗಳೊಳಗೆ ತಲಾಠಿಗೆ ವರದಿ ಕೊಡಬೇಕು. 2024ರಲ್ಲಿ ಈ ಹುದ್ದೆಯ ಹೆಸರು ಗ್ರಾಮ ಮಹಸೂಲ್ ಅಧಿಕಾರಿ ಎಂದು ಬದಲಾಯಿತು. ಊರಲ್ಲಿ ಮಾತ್ರ ಇನ್ನೂ ತಲಾಠಿಯೇ. ಮರಣದ ದಾಖಲೆ, ವಾರಸರ ಹೆಸರಿನ ಪ್ರತಿಜ್ಞಾಪತ್ರ ಕೊಟ್ಟರೆ ಗಾವ್ ನಮುನಾ 6-ಕ ಎಂಬ ವಾರಸ ನೋಂದವಹಿಯಲ್ಲಿ ಹೆಸರು ಏರುತ್ತದೆ. ನಂತರ ಫೇರಫಾರ ಬರೆದು, ನೋಟೀಸು ಕೊಟ್ಟು, ಹದಿನೈದು ದಿನದಲ್ಲಿ ತಕರಾರು ಬಾರದಿದ್ದರೆ ಮಂಡಲ ಅಧಿಕಾರಿ ಮಂಜೂರು ಮಾಡುತ್ತಾರೆ. ತಕರಾರಿಲ್ಲದ ಮನೆಯಲ್ಲಿ ಇದಕ್ಕೆ ವಕೀಲರೂ ಬೇಡ, ಕೋರ್ಟೂ ಬೇಡ.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ 'ಜಿವಂತ ಸಾತ್‌ಬಾರಾ' ಎಂಬ ಮೋಹೀಮು ಕೈಗೊಂಡದ್ದು ಇದೇ ಕಾರಣಕ್ಕೆ. ಸತ್ತವರ ಹೆಸರು ಉತಾರದಲ್ಲಿ ವರ್ಷಾನುಗಟ್ಟಲೆ ಹಾಗೇ ಉಳಿದು, ಸಾಲ ಸಿಗದೆ, ಪರಿಹಾರ ಸಿಗದೆ, ಕೊನೆಗೆ ಮೊಮ್ಮಕ್ಕಳ ಕಾಲಕ್ಕೆ ವಾರಸರ ಸಂಖ್ಯೆ ಇಪ್ಪತ್ತು ಮೂವತ್ತಕ್ಕೆ ಏರುತ್ತದೆ. ಆಮೇಲೆ ಬರುವ ಖರ್ಚು ಮೊದಲೇ ಮಾಡಿಸಿದ್ದರೆ ಬರುತ್ತಿರಲಿಲ್ಲ. ಒಂದು ಮಾತು ನೆನಪಿಡಬೇಕು. ಫೇರಫಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲಕಿ ಹಕ್ಕು ಹುಟ್ಟುವುದಿಲ್ಲ, ಹೆಸರು ಬಾರದ ಮಾತ್ರಕ್ಕೆ ಹೋಗುವುದೂ ಇಲ್ಲ. ಅದು ತೆರಿಗೆ ವಸೂಲಿಯ ದಾಖಲೆ ಅಷ್ಟೇ.

ಬ್ಯಾಂಕಿನ ಹೊಸ ನಿಯಮ

ಇನ್ನು ಬ್ಯಾಂಕಿನ ಮಾತು. ನಾಮಿನಿ ಇದ್ದರೆ, ಇಲ್ಲವೆ ಜಂಟಿ ಖಾತೆಯಲ್ಲಿ ಬದುಕಿರುವವರಿಗೆ ಹಣ ಎಂಬ ಷರತ್ತಿದ್ದರೆ ಕೋರ್ಟಿನ ದಾಖಲಾ ಕೇಳುವಂತಿಲ್ಲ. ನಾಮಿನಿ ಇಲ್ಲದ ಖಾತೆಗೂ ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್‌ನಲ್ಲಿ ನಿರ್ದೇಶನ ಹೊರಡಿಸಿದೆ. ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿ, ಇತರ ಬ್ಯಾಂಕುಗಳಲ್ಲಿ 15 ಲಕ್ಷ ರೂಪಾಯಿವರೆಗಿನ ಮೊತ್ತವನ್ನು ವಾರಸರಲ್ಲಿ ತಕರಾರು ಇಲ್ಲದಿದ್ದರೆ ಸರಳ ಕಾಗದಪತ್ರಗಳ ಮೇಲೆ ಕೊಡಬೇಕು. ಕಾಗದ ಪೂರ್ತಿ ಕೊಟ್ಟ ಹದಿನೈದು ದಿನದಲ್ಲಿ ಇತ್ಯರ್ಥ ಮಾಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ಬ್ಯಾಂಕ್ ದರದ ಮೇಲೆ ಶೇ. 4ರಷ್ಟು ಹೆಚ್ಚಿಗೆ ಸೇರಿಸಿ ಬಡ್ಡಿ ಕೊಡಬೇಕು. ಬ್ಯಾಂಕುಗಳು ಇದನ್ನು ಜಾರಿಗೆ ತರಲು 2026ರ ಮಾರ್ಚ್ 31ರ ಗಡುವು ಹಾಕಲಾಗಿತ್ತು.

ಅಂದರೆ ಎರಡು ಮೂರು ಲಕ್ಷದ ಠೇವಣಿಗಾಗಿ ವಕೀಲರ ಬಾಗಿಲಿಗೆ ಹೋಗುವ ಮೊದಲು ಬ್ಯಾಂಕಿನಲ್ಲಿ 'ನಿಮ್ಮ ಮಿತಿ ಎಷ್ಟು, ಯಾವ ಫಾರ್ಮು ತುಂಬಬೇಕು' ಎಂದು ಬರಹದಲ್ಲಿ ಕೇಳಬೇಕು. ಬಾಯಿಮಾತಿನ ಉತ್ತರಕ್ಕೆ ಹಿಂದಿರುಗಿ ಬರಬಾರದು. ಆದರೆ ಸಾಂಗ್ಲಿ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿಗೂ ಇರುವ ಪತಸಂಸ್ಥೆಗಳು ಬ್ಯಾಂಕುಗಳಲ್ಲ. ಅವುಗಳಿಗೆ ಈ ನಿರ್ದೇಶನ ಅನ್ವಯಿಸದು. ಅವು 1960ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯ್ದೆಯ ಕೆಳಗೆ ನಡೆಯುತ್ತವೆ. ಅಲ್ಲಿ ನಾಮಿನಿ ಹೆಸರು ಹಾಕಿಸುವುದೇ ದೊಡ್ಡ ರಕ್ಷಣೆ.

ನಾಮಿನಿ ಎಂದರೆ ಮಾಲಕ ಎಂದು ತಿಳಿಯುವುದೂ ತಪ್ಪು. ಹಣ ಪಡೆಯುವವನು ಅವನು, ಪಾಲು ಕೊಡಬೇಕಾದವನೂ ಅವನೇ. ವಿಮೆ ಹಣದ ವಿಷಯದಲ್ಲಿ ಸುಪ್ರೀಂ ಕೋರ್ಟು ಇದನ್ನು ಎಂಬತ್ತರ ದಶಕದಲ್ಲಿಯೇ ಹೇಳಿತ್ತು. ಶೇರುಗಳ ವಿಷಯದಲ್ಲಿ 2023ರ ಡಿಸೆಂಬರ್ 14ರಂದು ಮತ್ತೆ ಹೇಳಿತು. ಆ ಎರಡನೆಯದು 'ಕಾಲನಿರ್ಣಯ' ಕ್ಯಾಲೆಂಡರಿನ ಜಯಂತ ಸಾಳಗಾಂವಕರ ಅವರ ಮನೆತನದ ಪ್ರಕರಣ. ಮನೆಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರಿನವರಿಗೂ ಈ ಜಗಳ ತಪ್ಪಲಿಲ್ಲ.

ಕೋರ್ಟಿನಲ್ಲಿ ಎರಡು ಕಾಗದ

ಮೊತ್ತ ದೊಡ್ಡದಿದ್ದರೆ ಅಥವಾ ತಕರಾರಿದ್ದರೆ ಕೋರ್ಟು ಅನಿವಾರ್ಯ. ಅಲ್ಲಿ ಸಿಗುವ ಕಾಗದ ಎರಡು ಬಗೆಯದು. ಜನ ಎರಡನ್ನೂ 'ವಾರಸ ದಾಖಲಾ' ಎಂದೇ ಕರೆಯುವುದರಿಂದ ಗೊಂದಲವಾಗುತ್ತದೆ, ಕೆಲವೊಮ್ಮೆ ಎರಡು ಸಲ ಖರ್ಚೂ ಆಗುತ್ತದೆ.

ಒಂದು, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕಲಂ 372ರ ಪ್ರಕಾರ ಸಿಗುವ ಸಕ್ಸೆಷನ್ ಸರ್ಟಿಫಿಕೇಟು. ಇದು ಠೇವಣಿ, ಬರಬೇಕಾದ ಬಾಕಿ, ಶೇರುಗಳಂಥ ಹಣಕಾಸಿಗೆ ಮಾತ್ರ. ಹೊಲ-ಮನೆಗೆ ನಡೆಯದು. ಮೃತರು ವಾಸವಿದ್ದ ಜಾಗದ ಜಿಲ್ಲಾ ನ್ಯಾಯಾಧೀಶರಲ್ಲಿ ಅಥವಾ ಅಧಿಕಾರ ಪಡೆದ ಸಿವಿಲ್ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಒಮ್ಮೆ ಸಿಕ್ಕಿತೆಂದರೆ ದೇಶಕ್ಕೆಲ್ಲ ನಡೆಯುತ್ತದೆ. ಮಿರಜದಲ್ಲಿ ವಾಸವಿದ್ದವರ ಠೇವಣಿ ಅಥಣಿಯಲ್ಲಿದ್ದರೂ, ವಿಜಯಪುರದಲ್ಲಿದ್ದರೂ ಅಲ್ಲಿ ಬೇರೆ ಕೇಸು ಹಾಕಬೇಕಿಲ್ಲ. ಗಡಿ ಭಾಗದವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ಎರಡನೆಯದು, ಬ್ರಿಟಿಷರ ಮುಂಬಯಿ ಇಲಾಖೆಯ 1827ರ ಎಂಟನೇ ರೆಗ್ಯುಲೇಷನ್ ಪ್ರಕಾರ ಸಿಗುವ ವಾರಸ ಪ್ರಮಾಣಪತ್ರ. ಸುಮಾರು ಇನ್ನೂರು ವರ್ಷದ ಈ ನಿಯಮ ಮಹಾರಾಷ್ಟ್ರದ ಕೋರ್ಟುಗಳಲ್ಲಿ ಇನ್ನೂ ಜೀವಂತವಿದೆ. ಮೃತರ ಕಾಯದೇಶೀರ ವಾರಸರು ಯಾರು ಎಂದು ಅದು ಹೇಳುತ್ತದೆ. ಮರಾಠಿ ಪತ್ರಿಕೆಗಳ ಒಳಪುಟದಲ್ಲಿ 'ಜಾಹೀರ್ ನೋಟೀಸ್' ಎಂದು ಸಣ್ಣಕ್ಷರದಲ್ಲಿ ಬರುವುದು ಇದೇ. ಜಾಹೀರಾತಿನ ಖರ್ಚೂ ವಾರಸರ ತಲೆಯ ಮೇಲೆಯೇ. ಕರ್ನಾಟಕದ ಕಡೆ ಪೌತಿ ಖಾತೆಗೆ ವಂಶಾವಳಿ ಕೇಳುತ್ತಾರೆ, ಅದರ ದಾರಿ ಬೇರೆ. ಆಚೆ ಕಡೆಯೂ ಹೊಲ ಇದ್ದವರು ಎರಡೂ ಕಡೆ ಓಡಾಡಬೇಕು.

ಕೋರ್ಟ್ ಫೀ ಬೇರೆ, ವಕೀಲರ ಫೀ ಬೇರೆ

ಜಗಳದ ಬೇರು ಇಲ್ಲಿದೆ. ಕೊಟ್ಟ ಹಣವನ್ನೆಲ್ಲ ಜನ 'ವಕೀಲರಿಗೆ ಕೊಟ್ಟೆ' ಎನ್ನುತ್ತಾರೆ. ನಿಜವಾಗಿ ಅದರಲ್ಲಿ ಮೂರು ಗಂಟುಗಳಿವೆ. ಸರಕಾರಕ್ಕೆ ಹೋಗುವ ಕೋರ್ಟ್ ಫೀ. ಟೈಪಿಂಗ್, ನೋಟೀಸು, ಜಾಹೀರಾತು, ನಕಲು ಪ್ರತಿಯ ಖರ್ಚು. ಉಳಿದದ್ದು ವಕೀಲರ ಫೀ. ಮೊದಲ ಎರಡಕ್ಕೆ ಪಾವತಿ ಇರುತ್ತದೆ, ಇರಲೇಬೇಕು.

ಸಕ್ಸೆಷನ್ ಸರ್ಟಿಫಿಕೇಟಿನ ಕೋರ್ಟ್ ಫೀ ಮೊತ್ತದ ಮೇಲೆ ಬೀಳುತ್ತದೆ. ಕಾಯ್ದೆಯ ಕಲಂ 379ರಂತೆ ಈ ಹಣವನ್ನು ಅರ್ಜಿಯ ಜೊತೆಗೇ ಡಿಪಾಜಿಟ್ ಇಡಬೇಕು. ಅರ್ಜಿ ಮಂಜೂರಾದರೆ ಅದರಿಂದ ಸ್ಟ್ಯಾಂಪು ಕೊಳ್ಳಲಾಗುತ್ತದೆ. ಖರ್ಚಾಗದೆ ಉಳಿದದ್ದು ಇಟ್ಟವರಿಗೇ ವಾಪಸು ಬರಬೇಕು. ಅರ್ಜಿ ವಜಾ ಆದರೆ, ಹಿಂತೆಗೆದುಕೊಂಡರೆ ಈ ಹಣ ಏನಾಯಿತು ಎಂದು ಕೇಳುವವರೇ ಕಡಿಮೆ. ಮಹಾರಾಷ್ಟ್ರದಲ್ಲಿ ಆಸ್ತಿ ವ್ಯಾಜ್ಯ, ಪೋಟಗಿ, ಘಟಸ್ಫೋಟ, ಹಿಂಸೆಯ ಪ್ರಕರಣಗಳಲ್ಲಿ ಮಹಿಳೆಯರಿಗೆ 1994ರ ಅಕ್ಟೋಬರ್ 1ರ ಅಧಿಸೂಚನೆಯಂತೆ ಕೋರ್ಟ್ ಫೀ ಮಾಫಿ ಇದೆ. ಪಾಲಿಗಾಗಿ ದಾವೆ ಹೂಡುವ ಹೆಣ್ಣುಮಕ್ಕಳು ಫೀ ಕಟ್ಟುವ ಮೊದಲು ಇದನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

'ಬಂದದ್ದರಲ್ಲಿ ಇಷ್ಟು ಪರ್ಸೆಂಟ್' ನಡೆಯದು

ವಕೀಲರ ಫೀಗೆ ಇಷ್ಟೇ ಎಂಬ ದರಪಟ್ಟಿ ಇಲ್ಲ. 1926ರ ಕಾಯ್ದೆಯ ಪ್ರಕಾರ ಕಕ್ಷಿದಾರ ಮತ್ತು ವಕೀಲರು ಒಪ್ಪಿ ಫೀ ನಿರ್ಧರಿಸಬಹುದು. ಕೊಡದಿದ್ದರೆ ವಕೀಲರು ದಾವೆಯನ್ನೂ ಹಾಕಬಹುದು. ಆದರೆ ಒಂದು ಗೆರೆ ದಾಟುವಂತಿಲ್ಲ. ಕೇಸಿನ ಫಲಿತಾಂಶದ ಮೇಲೆ ಫೀ ಗೊತ್ತುಮಾಡುವುದು, ಬಂದ ಆಸ್ತಿಯಲ್ಲಿ ಪಾಲು ಕೇಳುವುದು ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮ 20ರಂತೆ ನಿಷಿದ್ಧ.

ಇದು ಹೊಸದಲ್ಲ. ಮುಂಬಯಿಯ ವಕೀಲರೊಬ್ಬರು 1952ರಲ್ಲಿ ವಸೂಲಾಗುವ ಹಣದಲ್ಲಿ ಅರ್ಧ ತಮಗೆ ಎಂದು ಬರೆಸಿಕೊಂಡಿದ್ದರು. 1954ರಲ್ಲಿ ಸುಪ್ರೀಂ ಕೋರ್ಟು ಅದನ್ನು ವೃತ್ತಿ ದುರ್ನಡತೆ ಎಂದಿತು.

ಇತ್ತೀಚಿನ ದೊಡ್ಡ ತೀರ್ಪು 2017ರ ಡಿಸೆಂಬರ್ 5ರದು. ತೆಲಂಗಾಣದ ಹೆಣ್ಣುಮಗಳೊಬ್ಬಳ ಗಂಡ 1998ರಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡ. ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ಕೇಸು ನಡೆಯಿತು. ಹಣ ಬಂದಾಗ ವಕೀಲರು ಶೇಕಡಾವಾರು ಫೀ ಕೇಳಿದರು. ಹತ್ತು ಲಕ್ಷ ಕೊಟ್ಟಾಗಿತ್ತು. ಅದರ ಮೇಲೆ ಮೂರು ಲಕ್ಷದ ಚೆಕ್ಕಿಗೆ ಸಹಿ ಮಾಡಿಸಿಕೊಂಡರೆಂದು ಆಕೆ ದೂರಿದಳು. ಚೆಕ್ಕು ಬೌನ್ಸ್ ಆಯಿತು, ಆಕೆಯ ಮೇಲೆಯೇ ಫೌಜದಾರಿ ಕೇಸು ಬಿತ್ತು. ನ್ಯಾಯಮೂರ್ತಿ ಆದರ್ಶ ಕುಮಾರ್ ಗೋಯಲ್ ಮತ್ತು ಸೊಲ್ಲಾಪುರದ ನಂಟಿನ ನ್ಯಾಯಮೂರ್ತಿ ಉದಯ ಲಳಿತ ಅವರ ಪೀಠ ಆ ಕೇಸನ್ನೇ ರದ್ದು ಮಾಡಿತು. ಬಂದ ಹಣದ ಶೇಕಡಾವಾರು ಫೀ ಸಾರ್ವಜನಿಕ ನೀತಿಗೆ ವಿರುದ್ಧ, ಅಂಥ ಒಪ್ಪಂದಕ್ಕೆ ಕಾನೂನಿನ ಬಲ ಇಲ್ಲ ಎಂದು ಹೇಳಿತು. ಫೀ ನಿಯಂತ್ರಣಕ್ಕೆ ಕಾನೂನು ಬೇಕೆಂಬ ಮಾತನ್ನು ಕಾನೂನು ಆಯೋಗ 1988ರ ತನ್ನ 131ನೇ ವರದಿಯಲ್ಲಿಯೇ ಚರ್ಚಿಸಿತ್ತು. ಆ ವರದಿಯನ್ನು ಪೀಠ ಸರಕಾರಕ್ಕೆ ಮತ್ತೆ ನೆನಪಿಸಿತು.

ವಾರಸದ ಆಸ್ತಿಗೆ ಇದನ್ನು ಹಚ್ಚಿ ನೋಡೋಣ. ಒಂದು ಮನೆಯಲ್ಲಿ 18 ಲಕ್ಷ ಠೇವಣಿ, ಮೂವರು ವಾರಸರು ಎಂದಿಟ್ಟುಕೊಳ್ಳಿ. ಶೇ. 10 ಎಂದು ಒಪ್ಪಿದರೆ 1 ಲಕ್ಷ 80 ಸಾವಿರ ಹೋಗುತ್ತದೆ, ತಲಾ 60 ಸಾವಿರ. ತಕರಾರೇ ಇಲ್ಲದ ಅರ್ಜಿಗೂ ಅಷ್ಟೇ. ಕೆಲಸಕ್ಕೆ ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿ ಬರೆದುಕೊಂಡರೆ ಠೇವಣಿ ಎಷ್ಟಿದ್ದರೂ ಫೀ ಅಷ್ಟೇ ಇರುತ್ತದೆ.

ಕಾಗದ ತಡೆಹಿಡಿಯುವಂತಿಲ್ಲ

'ಬಾಕಿ ಫೀ ಕೊಟ್ಟರೆ ಫೈಲು ಕೊಡ್ತೀವಿ' ಎಂಬ ಮಾತಿಗೆ ಹೆದರಿ ಸಾಲ ಮಾಡಿ ಹಣ ತಂದುಕೊಡುವವರಿದ್ದಾರೆ. 2000ದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಇದಕ್ಕೂ ಉತ್ತರ ಕೊಟ್ಟಿದೆ. ಭೋಪಾಳದ ಒಂದು ಸಹಕಾರಿ ಬ್ಯಾಂಕಿನ ವಕೀಲರು 97,100 ರೂಪಾಯಿ ಫೀ ಬಾಕಿ ಎಂದು ಕೇಸಿನ ಫೈಲುಗಳನ್ನು ಹಿಡಿದಿಟ್ಟಿದ್ದರು. ಫೀ ಬಾಕಿ ಇದೆಯೆಂದು ಕಕ್ಷಿದಾರರ ಕಾಗದಪತ್ರ ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ, ಬಾಕಿ ಇದ್ದರೆ ಬೇರೆ ಕಾನೂನಿನ ದಾರಿ ಹಿಡಿಯಬೇಕು ಎಂದು ಕೋರ್ಟು ಹೇಳಿತು.

ಕಕ್ಷಿದಾರರಿಂದ ಪಡೆದ ಹಣ ಫೀಗೆ ಎಷ್ಟು, ಖರ್ಚಿಗೆ ಎಷ್ಟು ಎಂದು ಲೆಕ್ಕ ಇಡುವುದು ವಕೀಲರ ಕರ್ತವ್ಯ. ಕೇಸು ನಡೆದಿರುವಾಗ ಖರ್ಚಿಗೆಂದು ಕೊಟ್ಟ ಹಣವನ್ನು ಕಕ್ಷಿದಾರರ ಬರಹದ ಒಪ್ಪಿಗೆ ಇಲ್ಲದೆ ಫೀಗೆ ತಿರುಗಿಸುವಂತಿಲ್ಲ.

ವಕೀಲರ ಕಡೆಯ ಮಾತೂ ಇದೆ. ತಕರಾರಿಲ್ಲ ಎಂದು ಹೇಳಿ ಬಂದ ಮನೆಯವರಲ್ಲಿ ಮಧ್ಯೆ ಒಬ್ಬ ಎದ್ದು ತಕರಾರು ಹಾಕಿದರೆ ಆರು ತಿಂಗಳ ಕೆಲಸ ಆರು ವರ್ಷಕ್ಕೆ ಹೋಗುತ್ತದೆ. ಒಬ್ಬ ವಾರಸ ಪುಣೆಯಲ್ಲಿ, ಒಬ್ಬಳು ರಾಯಬಾಗದಲ್ಲಿ. ನೋಟೀಸು ಮುಟ್ಟಿಸುವುದೇ ಒಂದು ಕೆಲಸ. ದಾಖಲಾ ಕೈಗೆ ಬಂದ ಮೇಲೆ ಮುಖ ತೋರಿಸದ ಕಕ್ಷಿದಾರರೂ ಕಡಿಮೆಯಿಲ್ಲ. ಬರಹ ಇಲ್ಲದ ವ್ಯವಹಾರದಿಂದ ಪ್ರಾಮಾಣಿಕ ವಕೀಲರಿಗೂ ನಷ್ಟವೇ.

ಖರ್ಚು ಯಾರ ತಲೆಯ ಮೇಲೆ?

ಒಬ್ಬ ಅಣ್ಣ ಓಡಾಡಿ ದಾಖಲಾ ತಂದ, ಉಳಿದವರು ಮನೆಯಲ್ಲಿ ಕೂತರು. ಪಾಲು ಎಲ್ಲರಿಗೂ ಸಮ, ಖರ್ಚು ಮಾತ್ರ ಅಣ್ಣನದೇ? ಕೋರ್ಟಿನಿಂದ ಆಡಳಿತಪತ್ರ ಪಡೆದು ಮೃತರ ಆಸ್ತಿ ನೋಡಿಕೊಂಡಿದ್ದರೆ ಕಾನೂನು ಸ್ಪಷ್ಟವಿದೆ. ಅಂತ್ಯಸಂಸ್ಕಾರ ಮತ್ತು ಕೊನೆಗಾಲದ ಔಷಧೋಪಚಾರದ ಖರ್ಚಿನ ನಂತರ ಕೋರ್ಟಿನ ಖರ್ಚನ್ನೇ ಆಸ್ತಿಯಿಂದ ಮುರಿಯಬೇಕು ಎಂದು ಉತ್ತರಾಧಿಕಾರ ಕಾಯ್ದೆಯ 320, 321ನೇ ಕಲಂಗಳು ಹೇಳುತ್ತವೆ. ಪಾಲಿನ ದಾವೆಯಲ್ಲಿ ಖರ್ಚು ಯಾರದು ಎಂಬುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಬರೀ ಸಕ್ಸೆಷನ್ ಸರ್ಟಿಫಿಕೇಟು ತಂದವನು ಇಡೀ ಹಣ ತನ್ನದೆನ್ನುವಂತಿಲ್ಲ. ಅವನು ಎಲ್ಲರ ಪರವಾಗಿ ಹಣ ಪಡೆದವನು ಅಷ್ಟೇ. ಹಾಗೆಯೇ ಎಲ್ಲರಿಗೂ ಉಪಯೋಗವಾದ ಖರ್ಚನ್ನು ಪಾವತಿ ತೋರಿಸಿ ಕೇಳುವುದೂ ತಪ್ಪಲ್ಲ. ಅರ್ಜಿ ಹಾಕುವ ದಿನವೇ ಒಂದು ಹಾಳೆಯಲ್ಲಿ 'ಖರ್ಚು ಎಲ್ಲರೂ ಸಮ' ಎಂದು ಬರೆದು ಎಲ್ಲರ ಸಹಿ ಹಾಕಿಸಿದರೆ ಮುಂದಿನ ಜಗಳ ಉಳಿಯುತ್ತದೆ.

ಹೆಣ್ಣುಮಕ್ಕಳ ವಿಷಯ ಇನ್ನೂ ನಾಜೂಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮೃತ್ಯುಪತ್ರ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ, ತಾಯಿ, ಮಗ, ಮಗಳು ಎಲ್ಲರಿಗೂ ಸಮಪಾಲು. 'ಖರ್ಚು ಬಹಳ ಆಗೇತಿ, ಸಹಿ ಮಾಡಿ ಬಿಡು' ಎಂದು ತಂಗಿಯಿಂದ ಹಕ್ಕಸೋಡ ಪತ್ರ ಬರೆಸಿಕೊಳ್ಳುವುದು ಈ ಭಾಗದಲ್ಲಿ ರೂಢಿ. ಖರ್ಚಿನ ಪಾಲು ಬೇರೆ, ಆಸ್ತಿಯ ಪಾಲು ಬೇರೆ. ಮಕ್ಕಳಿಲ್ಲದ ವಿಧವೆ ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ ಗಂಡನಿಂದ ಬಂದದ್ದು ಗಂಡನ ವಾರಸರಿಗೆ, ತವರಿನಿಂದ ವಾರಸವಾಗಿ ಬಂದದ್ದು ತಂದೆಯ ವಾರಸರಿಗೆ ಎಂದು ಕಲಂ 15 ಹೇಳುತ್ತದೆ. ಎರಡೂ ಕಡೆಯವರು ವಕೀಲರನ್ನು ಹಿಡಿಯುವುದು ಇಂಥ ಕೇಸಿನಲ್ಲೇ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮಹಿಳೆಯರೆಲ್ಲ ಮೃತ್ಯುಪತ್ರ ಬರೆದಿಡಲಿ ಎಂದು ಕರೆಕೊಟ್ಟದ್ದು ಈ ಕಾರಣಕ್ಕೆ.

ಎಲ್ಲಿ ದೂರಬೇಕು?

ವಕೀಲರ ಮೇಲೆ ಗ್ರಾಹಕ ವೇದಿಕೆಗೆ ಹೋಗುವ ದಾರಿ ಈಗ ಇಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ದೂರು ಕೊಡಬೇಕಾದದ್ದು ಮುಂಬಯಿಯ ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿಗೆ, 1961ರ ವಕೀಲರ ಕಾಯ್ದೆಯ ಕಲಂ 35ರ ಕೆಳಗೆ. ದೂರು ಒಂದು ವರ್ಷದಲ್ಲಿ ಇತ್ಯರ್ಥ ಆಗದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ಹೋಗಬೇಕು. ಪಾವತಿ ಇಲ್ಲದ ದೂರು ಮಾತ್ರ ಅಲ್ಲಿ ನಿಲ್ಲುವುದು ಕಷ್ಟ.

ಫೀ ಕೊಡಲಾಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡಬೇಕೆಂಬುದು 1987ರ ಕಾನೂನು ಸೇವಾ ಕಾಯ್ದೆಯ ನಿಯಮ. ಸಹಾಯವಾಣಿ 15100. ಲೋಕ ಅದಾಲತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸು ಸಿಗುತ್ತದೆ, ಅದರ ಮೇಲೆ ಅಪೀಲೂ ಇಲ್ಲ.

ಒಂದು ಸಮಾಧಾನದ ಸಂಗತಿಯೂ ಇದೆ. ಮೊದಲು ಹೈಕೋರ್ಟು ಅಂದರೆ ಮುಂಬಯಿ. ಉಮದಿ, ಸಂಖ ಕಡೆಯವರಿಗೆ ಎರಡು ದಿನದ ಪ್ರಯಾಣ, ಲಾಡ್ಜಿನ ಬಾಡಿಗೆ, ಅಲ್ಲಿಯ ವಕೀಲರ ಫೀ. 2025ರ ಆಗಸ್ಟ್ 18ರಿಂದ ಮುಂಬಯಿ ಹೈಕೋರ್ಟಿನ ಸರ್ಕಿಟ್ ಪೀಠ ಕೊಲ್ಹಾಪುರದಲ್ಲಿ ಕೆಲಸ ಆರಂಭಿಸಿದೆ. ಸಾಂಗ್ಲಿ ಜಿಲ್ಲೆ ಅದರ ವ್ಯಾಪ್ತಿಯಲ್ಲಿದೆ. ಮುಂಜಾನೆ ಹೋಗಿ ಸಂಜೆಗೆ ಮಿರಜಕ್ಕೆ ವಾಪಸಾಗಬಹುದು.

ಭಾಷೆಯ ತೊಡಕು ಮಾತ್ರ ಹಾಗೇ ಇದೆ. ವಕಾಲತನಾಮಾ, ಪ್ರತಿಜ್ಞಾಪತ್ರ, ನೋಟೀಸು ಎಲ್ಲ ಮರಾಠಿ ಇಲ್ಲವೆ ಇಂಗ್ಲಿಷು. ಜತ್ತ ಪೂರ್ವಭಾಗದ ಎಷ್ಟೋ ಮುದುಕಿಯರಿಗೆ ಎರಡೂ ಬಾರದು. 'ಇಲ್ಲಿ ಹೆಬ್ಬೆಟ್ಟು ಒತ್ತು' ಅಂದಲ್ಲಿ ಒತ್ತುತ್ತಾರೆ. ಕನಿಷ್ಠ ಪಕ್ಷ ಓದಿದ ಮೊಮ್ಮಗನನ್ನೋ ಶಾಲೆಯ ಮಾಸ್ತರರನ್ನೋ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆಯೇ ಸಹಿ ಮಾಡಬೇಕು. ನಕಲು ಪ್ರತಿ ಮನೆಗೆ ತರಬೇಕು.

ವಾರಸರು ನೆನಪಿಡಬೇಕಾದದ್ದು

* ಫೀ ಎಷ್ಟು, ಅದರಲ್ಲಿ ಏನೇನು ಸೇರಿದೆ, ತಕರಾರು ಬಂದರೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ.
* ಕೊಟ್ಟ ಪ್ರತಿ ಹಣಕ್ಕೆ ಪಾವತಿ ಪಡೆಯಿರಿ. ಸಾಧ್ಯವಿದ್ದಷ್ಟು ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಕೊಡಿ.
* ಖಾಲಿ ಕಾಗದ, ಖಾಲಿ ಚೆಕ್ಕಿಗೆ ಸಹಿ ಬೇಡ.
* ಆಸ್ತಿಯಲ್ಲಿ ಪಾಲು, ಪರ್ಸೆಂಟ್ ಮಾತಿಗೆ ಒಪ್ಪಬೇಡಿ.
* ಮೂಲ ಕಾಗದ ಕೊಡುವಾಗ ಪಟ್ಟಿ ಮಾಡಿ ಪೋಚಪಾವತಿ ಪಡೆಯಿರಿ.
* ಬ್ಯಾಂಕು, ಪತಸಂಸ್ಥೆ ಖಾತೆಗಳಿಗೆ ಇಂದೇ ನಾಮಿನಿ ಹಾಕಿಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು.

ಎಲ್ಲಕ್ಕಿಂತ ಅಗ್ಗದ ದಾರಿ ಬದುಕಿರುವಾಗಲೇ ಇದೆ. ಮೃತ್ಯುಪತ್ರಕ್ಕೆ ಸ್ಟ್ಯಾಂಪು ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆಯಬಹುದು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ಸಾಕ್ಷಿಗಳು ಪಾಲು ಪಡೆಯುವವರಾಗದಿದ್ದರೆ ಒಳ್ಳೆಯದು. 'ಬದುಕಿದ್ದಾಗಲೇ ಸಾವಿನ ಕಾಗದ ಯಾಕೆ' ಎಂದು ಹಿರಿಯರು ಮುಖ ತಿರುಗಿಸುತ್ತಾರೆ. ಆದರೆ ಆ ಒಂದು ಹಾಳೆ ಬರೆಯದೆ ಹೋದದ್ದಕ್ಕೆ ಮಕ್ಕಳು ಎಷ್ಟೋ ಹಾಳೆಗೆ ಹಣ ಕೊಡಬೇಕಾಗುತ್ತದೆ, ಕೊನೆಗೆ ಒಬ್ಬರ ಮುಖ ಒಬ್ಬರು ನೋಡದಂತೆಯೂ ಆಗುತ್ತದೆ.